ಕೌಂಟಿ ಚುಟುಕು ಕ್ರಿಕೆಟ್: ಪಂದ್ಯ ಯಾವಾಗ, ಜನ ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿಗೆ ಕೆಲಸಕ್ಕೋ ಓದಲಿಕ್ಕೋ ಬಂದ ನಮ್ಮವರು ಬೇಸಿಗೆ ಹತ್ತಿರವಾದಂತೆ ಕೇಳುವ ಪ್ರಶ್ನೆಗಳಿವು. ಐಪಿಎಲ್ ನೋಡಿ ಬೆಳೆದವರಿಗೆ ಇಲ್ಲಿನ ಕೌಂಟಿ ಟಿ20 ವೇಳಾಪಟ್ಟಿ ಮೊದಲ ನೋಟಕ್ಕೆ ತಲೆಬುಡ ಅರ್ಥವಾಗುವುದಿಲ್ಲ. ಒಂದೇ ವಾರದಲ್ಲಿ ಮೂರು ಮ್ಯಾಚ್ ಇರುತ್ತವೆ, ಕೆಲವು ವರ್ಷ ಆಮೇಲೆ ಒಂದೂವರೆ ತಿಂಗಳು ಸದ್ದೇ ಇರಲಿಲ್ಲ. ಒಂದು ಊರಲ್ಲಿ ಟಿಕೆಟ್ ಸಿಗುವುದಿಲ್ಲ, ಇನ್ನೊಂದು ಊರಲ್ಲಿ ಬೇಕಾದ ಕಡೆ ಕೂರಬಹುದು. ಇದಕ್ಕೆಲ್ಲ ಕಾರಣಗಳಿವೆ. ಆಟಗಾರರ ಹೆಸರು, ಜಾಹೀರಾತು ಇವೆಲ್ಲ ಆಮೇಲಿನ ಮಾತು. ಪಂದ್ಯ ಯಾವ ದಿನ, ಎಷ್ಟು ಗಂಟೆಗೆ ಅನ್ನುವುದೇ ಕೌಂಟಿ ಕ್ರಿಕೆಟ್‌ಗೆ ಜನ ತರುವುದು ಅಥವಾ ತಪ್ಪಿಸುವುದು ಎಂದು ನಾನು ನಂಬುತ್ತೇನೆ.

ಕೌಂಟಿ ಟಿ20 ಅಂದರೆ ಯಾವ ಟೂರ್ನಿ?

ಇಂಗ್ಲೆಂಡ್ ಮತ್ತು ವೇಲ್ಸ್‌ನ 18 ಪ್ರಥಮ ದರ್ಜೆ ಕೌಂಟಿಗಳು, ಅಂದರೆ ನಮ್ಮ ಜಿಲ್ಲೆಯಂಥ ಪ್ರದೇಶಗಳ ತಂಡಗಳು, ಆಡುವ ಟೂರ್ನಿ. 2003ರಲ್ಲಿ ಟ್ವೆಂಟಿ20 ಕಪ್ ಎಂದು ಶುರುವಾಯಿತು. 2010ರಲ್ಲಿ ಪ್ರಾಯೋಜಕರ ಹೆಸರಿನ ಜೊತೆ ಹೊಸ ರೂಪ ಪಡೆಯಿತು. 2014ರಿಂದ ಇದಕ್ಕೆ ಬ್ಲಾಸ್ಟ್ ಎಂದು ಹೆಸರು. ಮೊದಲು ನ್ಯಾಟ್‌ವೆಸ್ಟ್ ಬ್ಲಾಸ್ಟ್ ಆಗಿತ್ತು, 2018ರಿಂದ ವೈಟಾಲಿಟಿ ಬ್ಲಾಸ್ಟ್. ಇಲ್ಲಿನ ಜನ ಸುಮ್ನೆ 'ದಿ ಬ್ಲಾಸ್ಟ್' ಅನ್ನುತ್ತಾರೆ. ಆಗಸ್ಟ್‌ನಲ್ಲಿ ನಡೆಯುವ 'ದಿ ಹಂಡ್ರೆಡ್' ಬೇರೆ ಟೂರ್ನಿ. ಅಲ್ಲಿ ಎಂಟೇ ತಂಡ, ಇನಿಂಗ್ಸ್‌ಗೆ 100 ಎಸೆತ. ಎರಡನ್ನೂ ಒಂದೇ ಅಂದುಕೊಂಡು ಬೇರೆ ಪಂದ್ಯಕ್ಕೆ ಟಿಕೆಟ್ ತೆಗೆದವರು ನನ್ನ ಪರಿಚಯದಲ್ಲೇ ಇದ್ದಾರೆ. ಬುಕ್ ಮಾಡುವ ಮುಂಚೆ ತಂಡದ ಹೆಸರು ನೋಡಿಕೊಳ್ಳಿ.

ಜನ ಬರುತ್ತಿಲ್ಲ ಅನ್ನುವ ಕಾರಣಕ್ಕೇ ಟಿ20 ಹುಟ್ಟಿತು ಅನ್ನುತ್ತಾರೆ. ನಿಜವೇ?

ನಿಜ. 2000ದ ಆಸುಪಾಸಿನಲ್ಲಿ ಕೌಂಟಿ ಪಂದ್ಯಗಳಿಗೆ ಬರುವವರು ಕಡಿಮೆಯಾಗುತ್ತಿದ್ದರು. ಇಂಗ್ಲೆಂಡ್ ಮತ್ತು ವೇಲ್ಸ್ ಕ್ರಿಕೆಟ್ ಮಂಡಳಿಯ ಮಾರ್ಕೆಟಿಂಗ್ ಮ್ಯಾನೇಜರ್ ಸ್ಟುವರ್ಟ್ ರಾಬರ್ಟ್‌ಸನ್ ಜನರ ಅಭಿಪ್ರಾಯ ಕೇಳಿಸಿದರು. ಕ್ರಿಕೆಟ್ ಇಷ್ಟ ಇಲ್ಲ ಅಂದವರಿಗಿಂತ ಅಷ್ಟು ಹೊತ್ತು ಕೂರಲು ಸಮಯ ಇಲ್ಲ ಅಂದವರ ಮಾತು ಅವರಿಗೆ ಮುಖ್ಯವಾಗಿ ಕಂಡಿತು. ಕೆಲಸ ಇರುವವರು, ಮಕ್ಕಳಿರುವವರು ವಾರದ ಮಧ್ಯೆ ಇಡೀ ದಿನ ಮೈದಾನದಲ್ಲಿ ಹೇಗೆ ಕೂರುತ್ತಾರೆ? ಹೀಗೆ 20 ಓವರ್‌ಗಳ ಪಂದ್ಯದ ಪ್ರಸ್ತಾಪ ಬಂತು. ಕೌಂಟಿಗಳ ಮತದಾನದಲ್ಲಿ 11 ಮತ ಪರ, 7 ಮತ ವಿರೋಧ. ಇವತ್ತು ಇಡೀ ಕ್ರಿಕೆಟ್ ಜಗತ್ತು ಯಾವುದರ ಮೇಲೆ ನಿಂತಿದೆಯೋ ಅದು ಅಷ್ಟು ಕಡಿಮೆ ಅಂತರದಲ್ಲಿ ಪಾಸಾಗಿದ್ದು.

ನಿಂತುಹೋದ ಬೆನ್ಸನ್ ಅಂಡ್ ಹೆಜಸ್ ಕಪ್‌ನ ಜಾಗಕ್ಕೆ ಹೊಸ ಟೂರ್ನಿ ಬಂತು. 2003ರ ಜೂನ್ 13ರಂದು ಮೊದಲ ಪಂದ್ಯಗಳು ನಡೆದವು. ಅದು ಶುಕ್ರವಾರ. ಆಫೀಸು ಮುಗಿಸಿಕೊಂಡು ಬಂದು, ಮೂರು ಗಂಟೆಯೊಳಗೆ ಆಟ ನೋಡಿ, ಕತ್ತಲಾಗುವ ಮುಂಚೆ ಮನೆ ಸೇರುವುದು ಲೆಕ್ಕಾಚಾರ. ಮೊದಲ ವರ್ಷ ಗುಂಪು ಹಂತದಲ್ಲಿ ಒಂದೊಂದು ಕೌಂಟಿಗೆ ಐದೇ ಪಂದ್ಯ, ಟೂರ್ನಿ ಪೂರ್ತಿ 48. ಆ ಬೇಸಿಗೆ ಹವೆಯೂ ಕೈಕೊಡಲಿಲ್ಲ. ಎರಡೂವರೆ ಲಕ್ಷದಷ್ಟು ಜನ ಬಂದರು. ಮರುವರ್ಷ, 2004ರ ಜುಲೈ 15ರಂದು ಲಂಡನ್‌ನ ಲಾರ್ಡ್ಸ್ ಮೈದಾನದಲ್ಲಿ ಮೊದಲ ಸಲ ಟಿ20 ನಡೆಯಿತು. ಮಿಡ್ಲ್‌ಸೆಕ್ಸ್ ಮತ್ತು ಸರ್ರೆ ನಡುವಿನ ಆ ಪಂದ್ಯಕ್ಕೆ 27 ಸಾವಿರಕ್ಕೂ ಹೆಚ್ಚು ಮಂದಿ ಸೇರಿದ್ದರು. ಒಂದು ದಿನದ ಫೈನಲ್‌ಗಳನ್ನು ಬಿಟ್ಟರೆ ಆ ಮೈದಾನದ ಕೌಂಟಿ ಪಂದ್ಯವೊಂದಕ್ಕೆ ಅಷ್ಟು ಜನ ಬಂದಿದ್ದು 1953ರ ನಂತರ ಅದೇ ಮೊದಲು.

ಶುಕ್ರವಾರ ಸಂಜೆಗೇ ಯಾಕೆ ಇಷ್ಟು ಮಹತ್ವ?

ವಾರದ ಕೆಲಸ ಮುಗಿದಿರುತ್ತದೆ, ಮರುದಿನ ರಜೆ, ಮಕ್ಕಳನ್ನು ಬೇಗ ಮಲಗಿಸುವ ಅವಸರ ಇಲ್ಲ. ಇಲ್ಲಿ ಶುಕ್ರವಾರ ಸಂಜೆ ಸಹೋದ್ಯೋಗಿಗಳ ಜೊತೆ ಹೊರಗೆ ಹೋಗುವುದು ಹಳೆಯ ರೂಢಿ. ಕ್ರಿಕೆಟ್ ಆ ರೂಢಿಯೊಳಗೆ ಬಂದು ಸೇರಿಕೊಂಡಿತು.

ಎಸೆಕ್ಸ್ ಕೌಂಟಿಯ ಚೆಲ್ಮ್ಸ್‌ಫರ್ಡ್ ಮೈದಾನಕ್ಕೆ ಒಂದು ಶುಕ್ರವಾರ ಹೋಗಿ ನೋಡಿ. ಐದೂವರೆಗೆ ಲಂಡನ್ ಕಡೆಯಿಂದ ಬರುವ ರೈಲುಗಳಿಂದ ಆಫೀಸಿನ ಬಟ್ಟೆಯಲ್ಲೇ ಜನ ಇಳಿಯುತ್ತಾರೆ. ಕೊರಳಲ್ಲಿ ಇನ್ನೂ ಐಡಿ ಕಾರ್ಡ್ ಇರುತ್ತದೆ. ನಿಲ್ದಾಣದಿಂದ ಮೈದಾನಕ್ಕೆ ನಡೆದೇ ಹೋಗಬಹುದು. ಗೇಟಿನ ಬಳಿ ಹೆಂಡತಿ ಮಕ್ಕಳು ತಿಂಡಿ ಚೀಲ ಹಿಡಿದು ಕಾಯುತ್ತಿರುತ್ತಾರೆ. ಮಕ್ಕಳ ಮೇಲೆ ಎಸೆಕ್ಸ್ ಜೆರ್ಸಿ, ಶಾಲೆಯ ಪ್ಯಾಂಟ್ ಹಾಗೇ. ಮೈದಾನ ಚಿಕ್ಕದು. ಆರೇಳು ಸಾವಿರ ಜನ ಸೇರಿದರೆ ತುಂಬಿ ತುಳುಕುತ್ತದೆ. ಬೌಂಡರಿ ಹಗ್ಗದ ಪಕ್ಕ ನಿಂತ ಫೀಲ್ಡರ್ ಜೊತೆ ಹುಡುಗರು ಓವರ್ ಮಧ್ಯೆ ಮಾತಾಡುತ್ತಾರೆ. ಇದೇ ಪಂದ್ಯ ಮಂಗಳವಾರ ನಡೆದರೆ ಆಟ ಅದೇ, ಆಟಗಾರರು ಅವರೇ. ಆದರೆ ಆ ರೈಲಿನಿಂದ ಇಳಿದವರು ನೇರ ಮನೆಗೆ ಹೋಗಿರುತ್ತಾರೆ.

ಅದಕ್ಕೇ ಪ್ರತಿ ಕೌಂಟಿಯೂ ತವರಿನ ಪಂದ್ಯಗಳಿಗೆ ಶುಕ್ರವಾರ ಬೇಕು ಅನ್ನುತ್ತದೆ. 18 ಕೌಂಟಿಗಳಲ್ಲಿ ಒಂದು ಶುಕ್ರವಾರ ಒಂಬತ್ತಕ್ಕೆ ಮಾತ್ರ ತವರಿನ ಪಂದ್ಯ ಸಿಗಲು ಸಾಧ್ಯ. ಉಳಿದವರು ಎದುರಾಳಿಯ ಊರಿಗೆ ಹೋಗಬೇಕು. ಜಗಳ ಇಲ್ಲಿಂದಲೇ ಶುರು.

ಸಂಜೆ 6.30ಕ್ಕೆ ಶುರುವಾದರೆ ಕತ್ತಲಾಗುವುದಿಲ್ಲವೇ?

ಜೂನ್ ಕೊನೆಯಲ್ಲಿ ಲಂಡನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ 9.20ರ ಹೊತ್ತಿಗೆ. ಉತ್ತರದ ಡರಂ ಕಡೆ ಇನ್ನೂ ತಡ. ಬೆಂಗಳೂರಲ್ಲಿ ಏಳಕ್ಕೇ ಕತ್ತಲು ನೋಡಿದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಇಲ್ಲಿ ಎರಡನೇ ಇನಿಂಗ್ಸ್‌ನ ಅರ್ಧ ಭಾಗ ಹಗಲಿನಲ್ಲೇ ನಡೆದುಬಿಡುತ್ತದೆ. ಮೊದಲ ವರ್ಷಗಳಲ್ಲಿ ಎಷ್ಟೋ ಮೈದಾನಗಳಲ್ಲಿ ಕಾಯಂ ದೀಪದ ಕಂಬಗಳೇ ಇರಲಿಲ್ಲ, ಆದರೂ ಟೂರ್ನಿ ನಡೆಯಿತು. ಕತ್ತಲು ಇಷ್ಟು ತಡವಾಗಿ ಬರುವ ದೇಶವಾದ್ದರಿಂದಲೇ ಹೊನಲು ಬೆಳಕಿಲ್ಲದೆ ಸಂಜೆ ಪಂದ್ಯ ಆಡಿಸುವ ಧೈರ್ಯ ಬಂದಿದ್ದು.

ತೊಂದರೆ ಕೊಟ್ಟಿದ್ದು ಕತ್ತಲಲ್ಲ, ಸೂರ್ಯ. ಡರ್ಬಿಯ ಕೌಂಟಿ ಮೈದಾನದಲ್ಲಿ ಪಿಚ್ ಪೂರ್ವ ಪಶ್ಚಿಮವಾಗಿತ್ತು. ಸಂಜೆ ಸೂರ್ಯ ಕೆಳಗಿಳಿದಾಗ ಬೆಳಕು ನೇರ ಬ್ಯಾಟರ್ ಕಣ್ಣಿಗೇ ಬೀಳುತ್ತಿತ್ತು. ಚೆಂಡು ಕಾಣುತ್ತಿರಲಿಲ್ಲ. ಅಂಪೈರ್‌ಗಳು ಆಟ ನಿಲ್ಲಿಸುತ್ತಿದ್ದರು. ಮಳೆ ಇಲ್ಲ, ಮೋಡ ಇಲ್ಲ, ಚೆಂದದ ಬಿಸಿಲು, ಆಟಗಾರರು ಮಾತ್ರ ಒಳಗೆ! ದುಡ್ಡು ಕೊಟ್ಟು ಬಂದವರಿಗೆ ಇದನ್ನು ವಿವರಿಸುವುದು ಹೇಗೆ? ಕೊನೆಗೆ ಡರ್ಬಿಯವರು ಪಿಚ್‌ಗಳನ್ನೇ ಉತ್ತರ ದಕ್ಷಿಣಕ್ಕೆ ತಿರುಗಿಸಿ ಹೊಸದಾಗಿ ಹಾಕಿದರು. ಸಂಜೆಯ ಜನಕ್ಕಾಗಿ ಒಂದು ಕೌಂಟಿ ತನ್ನ ಅಂಗಳವನ್ನೇ ತಿರುಗಿಸಿದ ಈ ಸಂಗತಿ ನನಗೆ ಬಹಳ ಇಷ್ಟ.

ವೇಳಾಪಟ್ಟಿ ಇಷ್ಟು ಗೋಜಲು ಯಾಕೆ? ಒಂದೇ ಕ್ರಮದಲ್ಲಿ ಮಾಡಲು ಆಗುವುದಿಲ್ಲವೇ?

ಸುಲಭವಲ್ಲ. ಮಂಡಳಿಯವರು ಪಟ್ಟಿ ಮಾಡಲು ಕೂತಾಗ ಕ್ಯಾಲೆಂಡರ್‌ನಲ್ಲಿ ಆಗಲೇ ಅರ್ಧ ಜಾಗ ಹೋಗಿರುತ್ತದೆ.

ಮೊದಲನೆಯದಾಗಿ ನಾಲ್ಕು ದಿನಗಳ ಕೌಂಟಿ ಚಾಂಪಿಯನ್‌ಶಿಪ್. ಒಂದೊಂದು ಕೌಂಟಿಗೆ 14 ಪಂದ್ಯ, ಅಂದರೆ 56 ದಿನ. ಆಮೇಲೆ ಇಂಗ್ಲೆಂಡ್ ತಂಡದ ಟೆಸ್ಟ್‌ಗಳು, ಒಂದು ದಿನದ ಪಂದ್ಯಗಳು. ನಾಟಿಂಗಂನ ಟ್ರೆಂಟ್‌ಬ್ರಿಜ್ ಮೈದಾನದಲ್ಲಿ ಟೆಸ್ಟ್ ಇದ್ದರೆ ಅದಕ್ಕೂ ಮುಂಚಿನ ಕೆಲವು ದಿನ ಪಿಚ್ ತಯಾರಿಗೆ ಬಿಡಬೇಕು. ನಾಟಿಂಗಂಷೈರ್ ಆಗ ಬೇರೆ ಊರಿಗೆ ಹೋಗಬೇಕು. ದೊಡ್ಡ ಮೈದಾನಗಳಲ್ಲಿ ಬೇಸಿಗೆಯಲ್ಲಿ ಸಂಗೀತ ಕಾರ್ಯಕ್ರಮಗಳೂ ನಡೆಯುತ್ತವೆ. ಮ್ಯಾಂಚೆಸ್ಟರ್‌ನ ಓಲ್ಡ್ ಟ್ರಾಫರ್ಡ್‌ಗೆ ಅದರಿಂದ ಒಳ್ಳೆಯ ಆದಾಯ. ಒಂದು ಕಾರ್ಯಕ್ರಮ ಅಂದರೆ ವೇದಿಕೆ ಕಟ್ಟಿ, ಬಿಚ್ಚಿ, ಹುಲ್ಲು ಸುಧಾರಿಸುವವರೆಗೆ ಮೈದಾನ ಸಿಗುವುದಿಲ್ಲ.

ಮಿಡ್ಲ್‌ಸೆಕ್ಸ್ ಕಥೆ ಇನ್ನೂ ಕಷ್ಟದ್ದು. ಲಾರ್ಡ್ಸ್ ಅವರದ್ದಲ್ಲ, ಎಂಸಿಸಿ ಕ್ಲಬ್‌ನದ್ದು. ಅಲ್ಲಿ ಅವರು ಬಾಡಿಗೆದಾರರು. ಹಾಗಾಗಿ ಎಲ್ಲ ತವರಿನ ಪಂದ್ಯಗಳೂ ಅಲ್ಲಿ ನಡೆಯುವುದಿಲ್ಲ. ರ‍್ಯಾಡ್ಲೆಟ್, ರಿಚ್ಮಂಡ್, ಅಕ್ಸ್‌ಬ್ರಿಜ್‌ನಂಥ ಚಿಕ್ಕ ಕ್ಲಬ್ ಮೈದಾನಗಳಿಗೆ ಹೋಗಿ ಆಡುತ್ತಾರೆ. ಒಂದು ವಾರ 25 ಸಾವಿರ ಜನರ ಮುಂದೆ, ಮುಂದಿನ ವಾರ ಮರಗಳ ಕೆಳಗೆ ಮಡಚುವ ಕುರ್ಚಿ ಹಾಕಿಕೊಂಡ ಕೆಲವು ಸಾವಿರ ಜನರ ಮುಂದೆ. ಬೆಲೆ, ಜಾಗ, ಅನುಭವ ಎಲ್ಲ ಬೇರೆ ಬೇರೆ. ಆದ್ದರಿಂದ ಲಂಡನ್‌ನಲ್ಲಿರುವವರು ಮಿಡ್ಲ್‌ಸೆಕ್ಸ್ ಟಿಕೆಟ್ ತೆಗೆಯುವಾಗ ಮೈದಾನ ಯಾವುದು ಎಂದು ಖಂಡಿತ ನೋಡಿ.

ಇದರ ಮೇಲೆ ಟಿವಿ ಚಾನೆಲ್‌ಗೆ ಬೇಕಾದ ಪಂದ್ಯಗಳು, ಆಟಗಾರರ ಪ್ರಯಾಣ. ಸಾಮರ್‌ಸೆಟ್‌ನ ಟಾಂಟನ್‌ನಿಂದ ಕೆಂಟ್‌ನ ಕ್ಯಾಂಟರ್ಬರಿಗೆ ಸುಮಾರು 350 ಕಿಲೋಮೀಟರ್. ರಾತ್ರಿ ಒಂಬತ್ತೂವರೆಗೆ ಆಟ ಮುಗಿಸಿ, ಸ್ನಾನ ಮಾಡಿ, ಆ ದೂರ ಕಾರಿನಲ್ಲೋ ಬಸ್‌ನಲ್ಲೋ ಹೋಗಿ ಮರುದಿನ ಮತ್ತೆ ಆಡಬೇಕೆಂದರೆ? ಆಟಗಾರರ ಸಂಘ ಈ ಬಗ್ಗೆ ವರ್ಷಗಳಿಂದ ದನಿ ಎತ್ತುತ್ತಾ ಬಂದಿದೆ. ಅವರ ಮಾತಿನಲ್ಲಿ ನ್ಯಾಯ ಇದೆ. ಸುಸ್ತಾದ ಬೌಲರ್‌ನನ್ನು ನೋಡಲು ಯಾರೂ ದುಡ್ಡು ಕೊಟ್ಟು ಬರುವುದಿಲ್ಲ.

ಒಂದು ಸೀಸನ್‌ಗೆ ಎಷ್ಟು ಪಂದ್ಯ ಇದ್ದರೆ ಸರಿ?

ಇದೇ ಇಪ್ಪತ್ತು ವರ್ಷಗಳಿಂದ ಬಗೆಹರಿಯದ ವಾದ. ಐದರಿಂದ ಶುರುವಾಗಿ 2010ರ ಹೊತ್ತಿಗೆ ಗುಂಪು ಹಂತದಲ್ಲಿ ಒಂದೊಂದು ತಂಡಕ್ಕೆ 16 ಪಂದ್ಯ ಆಯಿತು. ಟೂರ್ನಿ ಪೂರ್ತಿ 151. ಐಪಿಎಲ್ ಹಣ ನೋಡಿದ ಮೇಲೆ ಇಲ್ಲಿಯೂ ಜಾಸ್ತಿ ಪಂದ್ಯ ಅಂದರೆ ಜಾಸ್ತಿ ಆದಾಯ ಅನ್ನುವ ನಂಬಿಕೆ ಬಂದಿತ್ತು. ಆಗಿದ್ದೇ ಬೇರೆ. ಎಂಟು ತವರಿನ ಪಂದ್ಯಗಳಿಗೂ ಬರುವಷ್ಟು ದುಡ್ಡು, ಬಿಡುವು ಒಂದು ಸಾಧಾರಣ ಕುಟುಂಬಕ್ಕೆ ಇರುವುದಿಲ್ಲ. ಮೂರೋ ನಾಲ್ಕೋ ಆರಿಸಿಕೊಳ್ಳುತ್ತಾರೆ. ಉಳಿದ ದಿನ ಕುರ್ಚಿ ಖಾಲಿ. ಕೌಂಟಿಗಳೇ ಬೇಸತ್ತು 2012ರಲ್ಲಿ ಪಂದ್ಯಗಳನ್ನು 10ಕ್ಕೆ ಇಳಿಸಿದವು. ದುರದೃಷ್ಟ ನೋಡಿ, ಆ ಬೇಸಿಗೆಯಲ್ಲಿ ಬ್ರಿಟನ್ ನೂರು ವರ್ಷಗಳಲ್ಲೇ ಕಾಣದಷ್ಟು ಮಳೆ. ಕಡಿಮೆ ಪಂದ್ಯದ ಲಾಭ ಏನೆಂದು ಅಳೆಯಲು ಆಗಲೇ ಇಲ್ಲ.

2014ರಲ್ಲಿ ಬ್ಲಾಸ್ಟ್ ಬಂದಾಗ 14 ಆಯಿತು. ಬಹುಕಾಲ ಅಷ್ಟೇ ಉಳಿಯಿತು. 2026ರಿಂದ ಅದನ್ನು 12ಕ್ಕೆ ಇಳಿಸಿ, ಆರು ತಂಡಗಳ ಮೂರು ಗುಂಪು ಮಾಡಲು ತೀರ್ಮಾನಿಸಲಾಯಿತು. ಗುಂಪಿನ ಐದು ತಂಡಗಳ ಜೊತೆ ತವರಲ್ಲಿ ಒಂದು, ಹೊರಗೆ ಒಂದು, ಜೊತೆಗೆ ಬೇರೆ ಗುಂಪಿನವರ ವಿರುದ್ಧ ಎರಡು. ಆರು ತವರಿನ ಪಂದ್ಯ ನನ್ನ ಪ್ರಕಾರ ಸರಿಯಾದ ಅಳತೆ. ಟಿಕೆಟ್ ಹಣವೇ ಜೀವಾಳವಾದ ಚಿಕ್ಕ ಕೌಂಟಿಗೆ ಒಂದು ತವರಿನ ಪಂದ್ಯ ಕಡಿಮೆಯಾದರೂ ಹೊಡೆತ ಬೀಳುತ್ತದೆ, ಅದನ್ನು ಹಗುರವಾಗಿ ನೋಡಬಾರದು. ಆದರೆ ಉಳಿದ ಆರು ದಿನ ಮೈದಾನ ತುಂಬಿದರೆ ನೋಡುವವರಿಗೂ ಆಡುವವರಿಗೂ ಅದು ಬೇರೆಯೇ ಸಂಜೆ.

ಎಲ್ಲ ಪಂದ್ಯಗಳನ್ನೂ ಒಟ್ಟಿಗೆ ಒಂದೂವರೆ ತಿಂಗಳಲ್ಲಿ ಮುಗಿಸುವುದು ಒಳ್ಳೆಯದೋ, ಬೇಸಿಗೆ ಪೂರ್ತಿ ಹರಡುವುದೋ?

ಎರಡನ್ನೂ ಮಾಡಿ ನೋಡಿದ್ದಾರೆ. 2014ರಿಂದ 2016ರವರೆಗೆ ಮೇ ತಿಂಗಳಿಂದ ಆಗಸ್ಟ್‌ವರೆಗೆ ಹರಡಿ, ಹೆಚ್ಚಿನವನ್ನು ಶುಕ್ರವಾರಕ್ಕೆ ಇಟ್ಟರು. ಪ್ರೇಕ್ಷಕರಿಗೆ ಅದು ಚೆನ್ನಾಗಿ ಒಗ್ಗಿತು. ಶುಕ್ರವಾರ ಬಂತೆಂದರೆ ಮ್ಯಾಚ್ ಎಂದು ಕೇಳದೆಯೇ ಗೊತ್ತಾಗುತ್ತಿತ್ತು. ಸಂಬಳ ಬಂದ ವಾರ ನೋಡಿ ಟಿಕೆಟ್ ತೆಗೆಯಬಹುದಿತ್ತು. ಆದರೆ ಆಟಗಾರರು ಮಂಗಳವಾರದವರೆಗೆ ಕೆಂಪು ಚೆಂಡು (ನಾಲ್ಕು ದಿನಗಳ ಪಂದ್ಯ), ಶುಕ್ರವಾರ ಬಿಳಿ ಚೆಂಡು (ಟಿ20), ಭಾನುವಾರ ಮತ್ತೆ ಕೆಂಪು ಎಂದು ಒದ್ದಾಡಿದರು. ಹೊರದೇಶದ ದೊಡ್ಡ ಆಟಗಾರರು ಮೂರು ತಿಂಗಳು ಇಲ್ಲಿ ಕೂರಲು ಸಿದ್ಧರಿರಲಿಲ್ಲ.

2017ರಿಂದ ಒಟ್ಟಿಗೆ ಆಡಿಸುವ ಕ್ರಮ ಬಂತು. ಜುಲೈನಲ್ಲಿ ಶುರು, ಶಾಲಾ ರಜೆಯ ಸಮಯ. ಜನ ಬಂದರು. ಕೋವಿಡ್‌ಗೆ ಮುಂಚಿನ ಆ ವರ್ಷಗಳಲ್ಲಿ ಸೀಸನ್‌ಗೆ ಸುಮಾರು 9 ಲಕ್ಷ ಪ್ರೇಕ್ಷಕರು ಸೇರುತ್ತಿದ್ದರು. ಹಾಗಾದರೆ ಒಟ್ಟಿಗೆ ಆಡಿಸುವುದೇ ಸರಿಯಾಯಿತಲ್ವಾ ಅಂದರೆ, ಪೂರ್ತಿ ಹಾಗಲ್ಲ. ಆ ಯಶಸ್ಸಿನಲ್ಲಿ ರಜೆಯ ಪಾಲು ದೊಡ್ಡದು. ಇಂಗ್ಲೆಂಡಿನ ಶಾಲೆಗಳಿಗೆ ದೊಡ್ಡ ರಜೆ ಸಿಗುವುದು ಜುಲೈ ಮೂರನೇ ವಾರದ ಹೊತ್ತಿಗೆ. ಆಗಸ್ಟ್ ಪೂರ್ತಿ ಮಕ್ಕಳು ಮನೆಯಲ್ಲೇ. ವಾರದ ಯಾವ ದಿನವಾದರೂ ಅವರಿಗೆ ಶುಕ್ರವಾರವೇ.

ಹಾಗಿದ್ದರೆ ಬ್ಲಾಸ್ಟ್ ಈಗ ಆಗಸ್ಟ್‌ನಲ್ಲಿ ಯಾಕೆ ಇಲ್ಲ?

2021ರಿಂದ ಆಗಸ್ಟ್ ದಿ ಹಂಡ್ರೆಡ್ ಪಾಲಾಗಿದೆ. ಬ್ಲಾಸ್ಟ್ ಮೇ ಕೊನೆಗೆ, ಜೂನ್‌ಗೆ, ಜುಲೈ ಮೊದಲ ಭಾಗಕ್ಕೆ ಸರಿಯಿತು. ಆ ದಿನಗಳಲ್ಲಿ 16 ಮತ್ತು 18 ವರ್ಷದ ಮಕ್ಕಳಿಗೆ ಮುಖ್ಯ ಪರೀಕ್ಷೆ. ಚಿಕ್ಕವರಿಗೆ ಮರುದಿನ ಶಾಲೆ. ಮೇ ಕೊನೆಯ ಅರ್ಧಾವಧಿ ರಜೆಯ ವಾರ ಒಂದು ಮಾತ್ರ ಅನುಕೂಲ, ಆದರೆ ಆಗ ಸಂಜೆ ಚಳಿ.

ಹಂಡ್ರೆಡ್‌ನಿಂದ ಒಳ್ಳೆಯದೂ ಆಗಿದೆ. ಹೊಸಬರು, ಮುಖ್ಯವಾಗಿ ಹೆಣ್ಣುಮಕ್ಕಳು ಮತ್ತು ಚಿಕ್ಕ ಮಕ್ಕಳ ಕುಟುಂಬಗಳು ಕ್ರಿಕೆಟ್ ಮೈದಾನಕ್ಕೆ ಬಂದರು. 2025ರಲ್ಲಿ ಅದರ ತಂಡಗಳ ಪಾಲು ಮಾರಿದಾಗ ಬಂದ ದೊಡ್ಡ ಮೊತ್ತದಲ್ಲಿ ಎಲ್ಲ ಕೌಂಟಿಗಳಿಗೂ ಭಾಗ ಸಿಕ್ಕಿತು. ಕೊಂಡವರಲ್ಲಿ ರಿಲಯನ್ಸ್, ಸನ್ ಟಿವಿ, ಜಿಎಂಆರ್‌ನಂಥ ನಮ್ಮ ದೇಶದ ಸಂಸ್ಥೆಗಳೂ ಇವೆ. ಆದರೆ ಹಂಡ್ರೆಡ್ ನಡೆಯುವುದು ದೊಡ್ಡ ನಗರಗಳಲ್ಲಿ. ಟಾಂಟನ್, ಹೋವ್, ವುಸ್ಟರ್, ನಾರ್ತಾಂಪ್ಟನ್‌ನ ಮಕ್ಕಳಿಗೆ ರಜೆಯ ಅತ್ಯುತ್ತಮ ವಾರಗಳಲ್ಲಿ ತಮ್ಮ ಊರಲ್ಲಿ ಚುಟುಕು ಕ್ರಿಕೆಟ್ ಇಲ್ಲ. ಇದು ನನಗೆ ನಿಜವಾಗಿಯೂ ಬೇಸರ ತರಿಸುವ ವಿಷಯ.

ಆಗಸ್ಟ್‌ನಲ್ಲಿ ಚಿಕ್ಕ ಊರುಗಳಲ್ಲಿ ಏನೂ ಇರುವುದಿಲ್ಲವೇ?

50 ಓವರ್‌ಗಳ ಒನ್ ಡೇ ಕಪ್ ಇರುತ್ತದೆ. ದೊಡ್ಡ ಹೆಸರುಗಳು ಹಂಡ್ರೆಡ್‌ಗೆ ಹೋಗಿರುತ್ತಾರೆ, ಹುಡುಗರಿಗೆ ಅವಕಾಶ. ಯಾರ್ಕ್‌ಷೈರ್‌ನವರು ಸ್ಕಾರ್ಬರೋದಂಥ ಸಮುದ್ರ ತೀರದ ಊರಿಗೂ ಪಂದ್ಯ ಒಯ್ಯುತ್ತಾರೆ. ಗದ್ದಲ ಇಲ್ಲದೆ ಕ್ರಿಕೆಟ್ ನೋಡಬೇಕೆಂದರೆ ಇದಕ್ಕಿಂತ ಚೆನ್ನಾದದ್ದು ಇಲ್ಲ.

ಕ್ವಾರ್ಟರ್ ಫೈನಲ್‌ಗೆ ಜನ ಕಡಿಮೆ ಯಾಕೆ?

ಕೆಲವು ವರ್ಷ ಹೀಗಾಗಿದೆ. 2025ನ್ನೇ ತೆಗೆದುಕೊಳ್ಳಿ. ಗುಂಪು ಹಂತ ಜುಲೈ 18ಕ್ಕೆ ಮುಗಿಯಿತು. ಕ್ವಾರ್ಟರ್ ಫೈನಲ್ ಸೆಪ್ಟೆಂಬರ್ ಮೊದಲ ವಾರ. ನಡುವೆ ಒಂದೂವರೆ ತಿಂಗಳು! ಜೂನ್‌ನಲ್ಲಿ ತಂಡವನ್ನು ಗೆಲ್ಲಿಸಿದ ವಿದೇಶಿ ಆಟಗಾರನ ಒಪ್ಪಂದ ಮುಗಿದು ಅವನು ಬೇರೆ ಲೀಗ್‌ಗೆ ಹೋಗಿರುತ್ತಾನೆ. ಊರಿನ ಜನಕ್ಕೆ ತಮ್ಮ ತಂಡ ಇನ್ನೂ ಟೂರ್ನಿಯಲ್ಲಿದೆ ಅನ್ನುವುದೇ ಮರೆತಿರುತ್ತದೆ. ಶಾಲೆ ಆಗಷ್ಟೇ ಶುರುವಾಗಿರುತ್ತದೆ. 2022 ಮತ್ತು 2023ರಲ್ಲಿ ಹೀಗಿರಲಿಲ್ಲ. ಜುಲೈ ಮಧ್ಯದಲ್ಲೇ ಫೈನಲ್ ಮುಗಿಸಿದ್ದರು, ಬಿಸಿ ಆರುವ ಮುಂಚೆ. 2026ಕ್ಕೆ ಮತ್ತೆ ಜುಲೈಗೇ ತಂದಿದ್ದು ಈ ಎಲ್ಲ ಬದಲಾವಣೆಗಳಲ್ಲಿ ಅತಿ ಮುಖ್ಯವಾದದ್ದು ಅನ್ನುತ್ತೇನೆ.

ಫೈನಲ್ಸ್ ಡೇ ಅಂದರೇನು? ಒಂದೇ ದಿನ ಮೂರು ಪಂದ್ಯವೇ?

ಹೌದು. ಎರಡು ಸೆಮಿಫೈನಲ್, ಫೈನಲ್, ಎಲ್ಲ ಒಂದೇ ಶನಿವಾರ, ಒಂದೇ ಮೈದಾನದಲ್ಲಿ. ಬೆಳಿಗ್ಗೆ 11ಕ್ಕೆ ಶುರುವಾದರೆ ರಾತ್ರಿ ಹತ್ತರವರೆಗೆ. 2003ರಲ್ಲಿ ಟ್ರೆಂಟ್‌ಬ್ರಿಜ್‌ನಲ್ಲಿ ನಡೆದ ಮೊದಲ ಫೈನಲ್‌ನಲ್ಲಿ ಸರ್ರೆ ತಂಡ ವಾರಿಕ್‌ಷೈರ್ ತಂಡವನ್ನು ಸೋಲಿಸಿತು. 2013ರಿಂದ ಬರ್ಮಿಂಗಂನ ಎಜ್‌ಬಾಸ್ಟನ್ ಇದರ ಮನೆಯಾಗಿದೆ. ಸುಮಾರು 25 ಸಾವಿರ ಜನ ಹಿಡಿಸುವ ಮೈದಾನ. ಯಾವ ನಾಲ್ಕು ತಂಡ ಬರುತ್ತವೆ ಎಂದು ಗೊತ್ತಾಗುವ ಎಷ್ಟೋ ಮುಂಚೆಯೇ ಜನ ಟಿಕೆಟ್ ತೆಗೆದಿಡುತ್ತಾರೆ. ಅಲ್ಲಿನ ಹಾಲೀಸ್ ಸ್ಟ್ಯಾಂಡ್‌ನಲ್ಲಿ ಗುಂಪು ಗುಂಪಾಗಿ ವೇಷ ಹಾಕಿಕೊಂಡು ಬರುತ್ತಾರೆ. ಪಂದ್ಯಗಳ ನಡುವೆ ಕೌಂಟಿಗಳ ಮ್ಯಾಸ್ಕಾಟ್‌ಗಳ, ಅಂದರೆ ತಂಡದ ಲಾಂಛನದ ಬೊಂಬೆ ವೇಷ ಹಾಕಿದವರ, ಓಟದ ಸ್ಪರ್ಧೆ ಬೇರೆ. ನಾಲ್ಕು ಊರಿನ ಅಭಿಮಾನಿಗಳು ಒಂದೇ ಕಡೆ ಕೂತು, ತಮ್ಮ ತಂಡ ಸೋತ ಮೇಲೂ ಎದ್ದು ಹೋಗದೆ ಬೇರೆಯವರ ಆಟ ನೋಡುತ್ತಾರೆ. ಇಂಥ ದಿನ ಬೇರೆ ಯಾವ ಲೀಗ್‌ನಲ್ಲೂ ನಾನು ಕಂಡಿಲ್ಲ. ಸೆಪ್ಟೆಂಬರ್‌ನಲ್ಲಿ ನಡೆದರೆ ಏಳೂವರೆ ಹೊತ್ತಿಗೇ ಸೂರ್ಯ ಮುಳುಗಿ ಫೈನಲ್ ಹೊತ್ತಿಗೆ ಮೈ ನಡುಗುತ್ತದೆ. ಜುಲೈನಲ್ಲಿ ಅದೇ ದಿನ ಹಬ್ಬ.

ಯಾವ ಮೈದಾನಗಳು ಹೆಚ್ಚು ತುಂಬುತ್ತವೆ?

ತಲೆ ಎಣಿಸಿದರೆ ಲಂಡನ್‌ನ ಓವಲ್ ಮತ್ತು ಲಾರ್ಡ್ಸ್. ಸರ್ರೆ–ಮಿಡ್ಲ್‌ಸೆಕ್ಸ್ ಪಂದ್ಯಕ್ಕೆ 25 ಸಾವಿರ ದಾಟುವುದು ಹೊಸದೇನಲ್ಲ. ಉತ್ತರದಲ್ಲಿ ಲ್ಯಾಂಕಾಷೈರ್–ಯಾರ್ಕ್‌ಷೈರ್. 'ರೋಸಸ್' ಎಂದು ಕರೆಯುವ ಈ ಹಣಾಹಣಿಗೆ ನೂರಾರು ವರ್ಷಗಳ ಪೈಪೋಟಿಯ ಹಿನ್ನೆಲೆ ಇದೆ. ವಾರದ ಯಾವ ದಿನ ಇಟ್ಟರೂ ಜನ ಬರುವ ಕೆಲವೇ ಪಂದ್ಯಗಳಲ್ಲಿ ಇದೊಂದು.

ಆದರೆ ತಲೆ ಎಣಿಕೆಯೊಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ಟಾಂಟನ್ ಚಿಕ್ಕ ಪಟ್ಟಣ, ಮೈದಾನವೂ ಸಣ್ಣದು. ಅಲ್ಲಿ ಸಾಮರ್‌ಸೆಟ್ ಆಡುವ ದಿನ ಟಿಕೆಟ್ ಸಿಗುವುದೇ ಕಷ್ಟ. ಫುಟ್‌ಬಾಲ್‌ನ ದೊಡ್ಡ ಕ್ಲಬ್ ಆ ಭಾಗದಲ್ಲಿಲ್ಲ, ಕ್ರಿಕೆಟ್ ತಂಡವೇ ಊರಿನ ತಂಡ. 2005, 2023, 2025ರಲ್ಲಿ ಕಪ್ ಗೆದ್ದಿದ್ದಾರೆ. ಎಂಟು ಸಾವಿರ ಜನ ಹಿಡಿಸುವ ಕಡೆ ಏಳೂವರೆ ಸಾವಿರ ಕೂತರೆ ಆ ಸದ್ದೇ ಬೇರೆ. ಅಷ್ಟೇ ಜನ ದೊಡ್ಡ ಟೆಸ್ಟ್ ಮೈದಾನದಲ್ಲಿ ಕೂತರೆ ಟಿವಿಯಲ್ಲಿ ಪೂರ್ತಿ ಖಾಲಿ ಕಾಣುತ್ತದೆ. ಆಮೇಲೆ 'ಬ್ಲಾಸ್ಟ್‌ಗೆ ಜನವೇ ಇಲ್ಲ' ಎಂದು ಮಾತು ಹುಟ್ಟುತ್ತದೆ.

ಪ್ರಕಟವಾಗುವ ಸಂಖ್ಯೆ ಒಳಗೆ ಬಂದವರದ್ದೋ, ಟಿಕೆಟ್ ಮಾರಾಟದ್ದೋ?

ಎರಡರಲ್ಲಿ ಯಾವುದೂ ಆಗಿರಬಹುದು. ಮಳೆಯ ಸೂಚನೆ ಇರುವ ಸಂಜೆ ಇವೆರಡರ ನಡುವೆ ಬಹಳ ಅಂತರ ಬೀಳುತ್ತದೆ. ಸದಸ್ಯತ್ವದ ಪಾಸ್ ಇರುವವರನ್ನು ಲೆಕ್ಕ ಹಿಡಿಯುವುದೂ ಕೌಂಟಿಯಿಂದ ಕೌಂಟಿಗೆ ಬೇರೆ. ಎರಡು ಕೌಂಟಿಗಳನ್ನು ಹೋಲಿಸುವ ಮುಂಚೆ ಇದು ನೆನಪಿರಲಿ.

ಮಳೆ ಬಂದರೆ ದುಡ್ಡು ವಾಪಸ್ ಸಿಗುತ್ತದೆಯೇ?

ಪಂದ್ಯಕ್ಕೆ ಫಲಿತಾಂಶ ಬರಲು ಎರಡೂ ತಂಡ ಕನಿಷ್ಠ ಐದು ಓವರ್ ಆಡಬೇಕು. ಗುರಿ ಲೆಕ್ಕ ಹಾಕುವುದು ಡಕ್ವರ್ತ್–ಲೂಯಿಸ್–ಸ್ಟರ್ನ್ ನಿಯಮದಂತೆ. ಹಣ ವಾಪಸ್ ಕೊಡುವ ನಿಯಮ ಆಯಾ ಕೌಂಟಿಯದ್ದು, ಎಷ್ಟು ಓವರ್ ನಡೆಯಿತು ಅನ್ನುವುದರ ಮೇಲೆ ತೀರ್ಮಾನ. ಒಂದೂ ಎಸೆತ ಆಗದಿದ್ದರೆ ಸಾಮಾನ್ಯವಾಗಿ ಚಿಂತೆ ಇಲ್ಲ. ಬುಕಿಂಗ್ ಶುಲ್ಕ ಮಾತ್ರ ಬರುವುದಿಲ್ಲ ಎಂದೇ ಇಟ್ಟುಕೊಳ್ಳಿ.

ಫುಟ್‌ಬಾಲ್ ವಿಶ್ವಕಪ್ ಬಂದ ವರ್ಷ ಏನಾಗುತ್ತದೆ?

ಇಂಗ್ಲೆಂಡ್ ಫುಟ್‌ಬಾಲ್ ತಂಡ ಆಡುವ ಸಂಜೆ ಕ್ರಿಕೆಟ್‌ಗೆ ಹೊಡೆತ. ವಿಶ್ವಕಪ್, ಯೂರೋ ಕಪ್ ಎರಡೂ ಸಾಮಾನ್ಯವಾಗಿ ಜೂನ್ ಜುಲೈನಲ್ಲೇ ಬರುವುದು. ಗುಂಪು ಹಂತದ ದಿನಾಂಕ ಮೊದಲೇ ಗೊತ್ತಿದ್ದರೆ ತಪ್ಪಿಸಬಹುದು, ನಾಕೌಟ್ ಹಂತವನ್ನು ಯಾರು ಊಹಿಸುತ್ತಾರೆ? ಕೆಲವು ಕೌಂಟಿಗಳು ಪಂದ್ಯದ ಸಮಯವನ್ನೇ ಹಿಂದೆ ಮುಂದೆ ಮಾಡುತ್ತವೆ.

ಮಹಿಳಾ ಪಂದ್ಯವೂ ಅದೇ ದಿನ ಇರುತ್ತದೆಯಂತೆ?

2025ರಲ್ಲಿ ಮಹಿಳೆಯರ ವೈಟಾಲಿಟಿ ಬ್ಲಾಸ್ಟ್ ಶುರುವಾಯಿತು. ಆ ವರ್ಷ ಮೇಲಿನ ಹಂತದಲ್ಲಿ ಎಂಟು ತಂಡ ಇದ್ದವು. ಮೊದಲ ವರ್ಷದ ಕಪ್ ಸರ್ರೆಗೆ. ಎಷ್ಟೋ ಕಡೆ ಮಧ್ಯಾಹ್ನ ಮಹಿಳೆಯರ ಪಂದ್ಯ, ಸಂಜೆ ಪುರುಷರದ್ದು, ಒಂದೇ ಟಿಕೆಟ್. ದುಡ್ಡಿಗೆ ತಕ್ಕ ಆಟ ಸಿಗುತ್ತದೆ. ನನ್ನ ಒಂದು ಆಕ್ಷೇಪ ಸಮಯದ್ದು. ಶುಕ್ರವಾರ ಮಧ್ಯಾಹ್ನ ಎರಡೂವರೆಗೆ ಕೆಲಸ ಬಿಟ್ಟು ಬರುವವರು ಎಷ್ಟು ಜನ? ಸಂಜೆಯ ಪ್ರೇಕ್ಷಕರು ಒಳಗೆ ಬರುವ ಹೊತ್ತಿಗೆ ಮಹಿಳೆಯರ ಪಂದ್ಯ ಮುಗಿದಿರುತ್ತದೆ. ಇಂಥ ಜೋಡಿ ಪಂದ್ಯಗಳು ಭಾನುವಾರಕ್ಕೇ ಸರಿ. ಆಗ ಎರಡಕ್ಕೂ ಜನ ಇರುತ್ತಾರೆ.

ಇಷ್ಟೊಂದು ಭಾರತೀಯರು ಇಲ್ಲಿದ್ದರೂ ಕೌಂಟಿ ಪಂದ್ಯಗಳಲ್ಲಿ ಯಾಕೆ ಹೆಚ್ಚು ಕಾಣುವುದಿಲ್ಲ?

ಭಾರತ ತಂಡ ಎಜ್‌ಬಾಸ್ಟನ್‌ಗೆ ಬಂದರೆ ಮೈದಾನ ನೀಲಿ. ಅದೇ ಮೈದಾನದಲ್ಲಿ ವಾರಿಕ್‌ಷೈರ್‌ನ ಟಿ20 ತಂಡ ಬರ್ಮಿಂಗಂ ಬೇರ್ಸ್ ಆಡುವಾಗ ನಮ್ಮವರು ವಿರಳ. ಮಂಡಳಿಗೂ ಇದು ಗೊತ್ತು. ದಕ್ಷಿಣ ಏಷ್ಯಾದ ಸಮುದಾಯಗಳನ್ನು ಕರೆತರಲು 2018ರಲ್ಲಿ ಒಂದು ಕಾರ್ಯಯೋಜನೆಯನ್ನೇ ಪ್ರಕಟಿಸಿತು. ಕಾರಣಗಳು ಹಲವು. ಸಂಜೆ ಪಂದ್ಯಗಳಲ್ಲಿ ಕುಡಿತದ ಗದ್ದಲ ಜಾಸ್ತಿ, ಮಕ್ಕಳ ಜೊತೆ ಹೋಗಲು ಹಿಂಜರಿಕೆ. ಶುಕ್ರವಾರ ಮುಸ್ಲಿಂ ಕುಟುಂಬಗಳಿಗೆ ಪ್ರಾರ್ಥನೆಯ ದಿನ. ಎಲ್ಲಕ್ಕಿಂತ ದೊಡ್ಡದು, ಇದು ನಮ್ಮ ತಂಡ ಅನ್ನುವ ಭಾವನೆ ಹುಟ್ಟಿಲ್ಲ. ಲೆಸ್ಟರ್‌ನಂಥ ಊರಲ್ಲಿ ಗುಜರಾತಿ ಮನೆಗಳು ಬೀದಿಗೊಂದಿವೆ, ಅಲ್ಲಿನ ತಂಡ ಮೂರು ಸಲ ಈ ಕಪ್ ಗೆದ್ದಿದೆ. ಎರಡನ್ನೂ ಸೇರಿಸುವ ಕೆಲಸ ಇನ್ನೂ ಬಾಕಿ.

ಗದ್ದಲ ಬೇಡ ಅನ್ನುವವರಿಗೆ ದಾರಿ ಇದೆ. ಹೆಚ್ಚಿನ ಮೈದಾನಗಳಲ್ಲಿ ಮದ್ಯ ಇಲ್ಲದ ಕುಟುಂಬ ಸ್ಟ್ಯಾಂಡ್ ಇರುತ್ತದೆ. ಬುಕ್ ಮಾಡುವಾಗ ಅದನ್ನೇ ಆರಿಸಿ. ಭಾನುವಾರ ಮಧ್ಯಾಹ್ನದ ಪಂದ್ಯ ಇನ್ನೂ ಶಾಂತ.

ನಮ್ಮ ಕರ್ನಾಟಕದ ಆಟಗಾರರು ಇಲ್ಲಿ ಆಡಿಲ್ಲವೇ?

ಆಡಿದ್ದಾರೆ, ಆದರೆ ಹೆಸರು ಮಾಡಿದ್ದು ನಾಲ್ಕು ದಿನಗಳ ಪಂದ್ಯಗಳಲ್ಲಿ. ಅನಿಲ್ ಕುಂಬ್ಳೆ 1995ರಲ್ಲಿ ನಾರ್ತಾಂಪ್ಟನ್‌ಷೈರ್‌ಗೆ 105 ವಿಕೆಟ್ ತೆಗೆದರು. ಅದೇ ವರ್ಷ ಜಾವಗಲ್ ಶ್ರೀನಾಥ್ ಗ್ಲೌಸ್ಟರ್‌ಷೈರ್‌ನಲ್ಲಿದ್ದರು. ರಾಹುಲ್ ದ್ರಾವಿಡ್ 2000ದಲ್ಲಿ ಕೆಂಟ್‌ಗೆ ಆಡಿದರು. ಇತ್ತೀಚೆಗೆ ಕರುಣ್ ನಾಯರ್ ನಾರ್ತಾಂಪ್ಟನ್‌ಷೈರ್ ಪರ 2024ರಲ್ಲಿ ಗ್ಲಾಮೋರ್ಗನ್ ವಿರುದ್ಧ ಔಟಾಗದೆ 202 ಹೊಡೆದರು. ಬ್ಲಾಸ್ಟ್‌ನಲ್ಲಿ ನಮ್ಮವರನ್ನು ಹುಡುಕಬೇಡಿ. ನಿವೃತ್ತರಾಗದ ಭಾರತೀಯ ಪುರುಷ ಆಟಗಾರರಿಗೆ ಹೊರದೇಶದ ಟಿ20 ಲೀಗ್ ಆಡಲು ಬಿಸಿಸಿಐ ಬಿಡುವುದಿಲ್ಲ.

ಮೊದಲ ಸಲ ಹೋಗುವವರಿಗೆ ಏನು ಹೇಳುತ್ತೀರಿ?

ಜೂನ್ ಮಧ್ಯದ ನಂತರದ ಒಂದು ಶುಕ್ರವಾರ ಆರಿಸಿ. ನಿಮ್ಮ ಮನೆಗೆ ಹತ್ತಿರದ ಕೌಂಟಿಯೇ ಸಾಕು. ಆಟ ಶುರುವಾಗುವ ಒಂದು ಗಂಟೆ ಮುಂಚೆ ಒಳಗಿರಿ, ಆಮೇಲೆ ಗೇಟಿನಲ್ಲಿ ಸಾಲು ಉದ್ದ. ಹಗಲು ಎಷ್ಟೇ ಬಿಸಿಲಿದ್ದರೂ ಜಾಕೆಟ್ ಬೇಕು. ಬಹಳಷ್ಟು ಕೌಂಟಿ ಮೈದಾನಗಳಲ್ಲಿ ಮನೆಯಿಂದ ಊಟ ಒಯ್ಯಲು ಅಡ್ಡಿ ಇಲ್ಲ. ಚಿತ್ರಾನ್ನ, ಚಪಾತಿ ಪಲ್ಯ ಡಬ್ಬಿಗೆ ಹಾಕಿಕೊಂಡು ಹೋಗಿ, ಗಾಜಿನ ಪಾತ್ರೆ ಬೇಡ. ಸೌತಾಂಪ್ಟನ್ ಮೈದಾನ ಊರ ಹೊರಗೆ ಹೆದ್ದಾರಿ ಪಕ್ಕ ಇದೆ, ರಾತ್ರಿ ವಾಪಸ್ ಬರುವ ವ್ಯವಸ್ಥೆ ಮೊದಲೇ ನೋಡಿಕೊಳ್ಳಿ. ಟಾಂಟನ್, ಹೋವ್, ನಾಟಿಂಗಂ, ಓವಲ್‌ಗೆ ರೈಲೇ ಸಾಕು.

ಊರಲ್ಲಿದ್ದುಕೊಂಡು ನೋಡಬಹುದೇ?

ಬಹಳಷ್ಟು ಕೌಂಟಿಗಳು ತಮ್ಮ ಯೂಟ್ಯೂಬ್ ಚಾನೆಲ್‌ನಲ್ಲಿ ನೇರ ಪ್ರಸಾರ ಮಾಡುತ್ತವೆ. ಬೇಸಿಗೆಯಲ್ಲಿ ಭಾರತದ ಸಮಯ ನಾಲ್ಕೂವರೆ ಗಂಟೆ ಮುಂದೆ. ಇಲ್ಲಿ ಸಂಜೆ 6.30ರ ಪಂದ್ಯ ಅಂದರೆ ಅಲ್ಲಿ ರಾತ್ರಿ 11. ಭಾನುವಾರ ಮಧ್ಯಾಹ್ನ 2.30ರ ಪಂದ್ಯವಾದರೆ ಅಲ್ಲಿ ಸಂಜೆ 7ಕ್ಕೆ ಶುರುವಾಗಿ ಹತ್ತರೊಳಗೆ ಮುಗಿಯುತ್ತದೆ.